ಹಬ್ಬದ ನೀಲಿ ಎಲ್‌ಇಡಿ ಪಟ್ಟಿಯಲ್ಲಿ ಫೋಟೋಕೆಟಲಿಸಿಸ್: ದಾವಣಗೆರೆ ಅಂಗಡಿ ಸಾಮಾನಿನ ವಿಮರ್ಶೆ

ಗಣೇಶನ ಪೆಂಡಾಲಿಗೆ, ಅಂಗಡಿಯ ಬೋರ್ಡಿಗೆ ಸುತ್ತುವ 12 ವೋಲ್ಟಿನ ನೀಲಿ ಎಲ್‌ಇಡಿ ಪಟ್ಟಿ ಐದು ಮೀಟರಿನ ಸುರುಳಿಯಾಗಿ ಬರುತ್ತದೆ. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿದರೆ ಕೆಲವು ನೂರು ರೂಪಾಯಿಗೆ ಸಿಗುವ ಸಾಮಾನು. ಇದನ್ನೇ ಸ್ಟೀಲ್ ಡಬ್ಬಿಯೊಳಗೆ ಸುತ್ತಿ ಗೋಚರ ಬೆಳಕಿನ ವೇಗವರ್ಧನೆಗೆ (ಫೋಟೋಕೆಟಲಿಸಿಸ್), ಅಂದರೆ ಬೆಳಕು ಹೀರಿದ ವೇಗವರ್ಧಕದಿಂದ ರಾಸಾಯನಿಕ ಕ್ರಿಯೆ ನಡೆಸಲು, ಬಳಸಬಹುದೇ? ರುಥೇನಿಯಂ ವೇಗವರ್ಧಕಕ್ಕೆ ಧಾರಾಳವಾಗಿ ಬಳಸಬಹುದು. ಇರಿಡಿಯಂಗೆ ಬೇಡ. ವೇಗವರ್ಧಕವಾಗಿ ಈಯೋಸಿನ್ ಎಂಬ ಸಾವಯವ ಬಣ್ಣ ಬಳಸುವುದಾದರೆ ಇದೇ ಪಟ್ಟಿಯ ಹಸಿರು ಜಾತಿ ಕೊಳ್ಳಬೇಕು. ಆದರೆ ದುಡ್ಡು ಕೊಡುವ ಮುಂಚೆ ಪಟ್ಟಿಯನ್ನು ಅಂಗಡಿಯಲ್ಲೇ ಒಮ್ಮೆ, ಕಾಲೇಜಿಗೆ ತಂದ ಮೇಲೆ ಇನ್ನೊಮ್ಮೆ ಅಳೆಯಬೇಕು. ಸುರುಳಿಯ ಮೇಲಿನ ಚೀಟಿಯನ್ನು ನಂಬಿ ತಂದ ಪಟ್ಟಿಯಿಂದಲೇ ಅರ್ಧ ಪ್ರಾಜೆಕ್ಟುಗಳು ಕೆಡುತ್ತವೆ.

ಈ ಕ್ಷೇತ್ರ ಬೆಳೆದದ್ದೇ ಸಾಮಾನ್ಯ ದೀಪಗಳ ಬೆಳಕಿನಲ್ಲಿ. 1912ರಲ್ಲಿ ಇಟಲಿಯ ರಸಾಯನಶಾಸ್ತ್ರಜ್ಞ ಜಿಯಾಕೊಮೊ ಚಿಯಾಮಿಶಿಯನ್ ನ್ಯೂಯಾರ್ಕಿನಲ್ಲಿ ಭಾಷಣ ಮಾಡುತ್ತ, ಹೊಗೆ ಕಾರುವ ಕಾರ್ಖಾನೆಗಳ ಜಾಗದಲ್ಲಿ ಬಿಸಿಲಿನಿಂದ ನಡೆಯುವ ರಸಾಯನೋದ್ಯಮ ಬರಬೇಕು ಎಂದು ವಾದಿಸಿದ್ದರು. 2008ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರಾದ ಮ್ಯಾಕ್‌ಮಿಲನ್ ಮತ್ತು ನೈಸ್‌ವಿಜ್ ಆಲ್ಡಿಹೈಡ್‌ಗಳ ಅಸಮ್ಮಿತ ಆಲ್ಕೈಲೀಕರಣವನ್ನು ಮನೆಬಳಕೆಯ 15 ವ್ಯಾಟಿನ ಫ್ಲೋರೆಸೆಂಟ್ ಬಲ್ಬಿನಲ್ಲಿ ಮಾಡಿ ತೋರಿಸಿದರು. ಅದೇ ವರ್ಷ ಯೂನ್ ಅವರ ತಂಡ ಫ್ಲಡ್ ಲೈಟಿನ ಬೆಳಕಿನಲ್ಲಿ ಎರಡು ಈನೋನ್‌ಗಳನ್ನು ನಾಲ್ಕು ಇಂಗಾಲದ ಉಂಗುರವಾಗಿ ಜೋಡಿಸಿತು. 2009ರಲ್ಲಿ ಸ್ಟೀಫನ್‌ಸನ್ ತಂಡ ಇಂಗಾಲ-ಹ್ಯಾಲೊಜನ್ ಬಂಧವನ್ನು ಬಿಡಿಸಿತು. ಈ ಮೂರೂ ತಂಡಗಳು ಬಳಸಿದ್ದು ಒಂದೇ ಕಿತ್ತಳೆ ಬಣ್ಣದ ಲವಣ, ರುಥೇನಿಯಂ ಟ್ರಿಸ್‌ಬೈಪಿರಿಡಿನ್ ಕ್ಲೋರೈಡ್. ಇಂಥ ಕೆಲಸಕ್ಕೆ ಹತ್ತಾರು ಸಾವಿರದ ದೀಪವಿಲ್ಲದೆ ಕೈಹಾಕಬಾರದು ಎಂಬ ಅಂಜಿಕೆಗೆ ಆಧಾರವಿಲ್ಲ.

ಅಂಗಡಿಯಲ್ಲಿ ನೋಡಬೇಕಾದದ್ದು ಕರೆಂಟು. 5050 ಎಂದು ಕರೆಯುವ, ಮೀಟರಿಗೆ 60 ಎಲ್‌ಇಡಿ ಇರುವ ಪಟ್ಟಿ ಮೀಟರಿಗೆ 14.4 ವ್ಯಾಟ್ ತಿನ್ನಬೇಕು. ಅಂದರೆ 12 ವೋಲ್ಟಿನಲ್ಲಿ 1.2 ಆಂಪಿಯರ್. ಮಲ್ಟಿಮೀಟರನ್ನು 10 ಆಂಪಿಯರ್ ರೇಂಜಿನಲ್ಲಿಟ್ಟು ಒಂದು ಮೀಟರ್ ತುಂಡನ್ನು ಹೊತ್ತಿಸಿ ನೋಡಿ. 0.6 ತೋರಿಸಿದರೆ ನಿಮಗೆ ಸಿಗುವ ಬೆಳಕೂ ಹೆಚ್ಚುಕಡಿಮೆ ಅರ್ಧ. ಅಗ್ಗದ ಪಟ್ಟಿಗಳಲ್ಲಿ ಇದು ತೀರಾ ಸಾಮಾನ್ಯ, ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಐದು ಮೀಟರಿನ ಸುರುಳಿಯನ್ನು ಒಂದೇ ತುದಿಯಿಂದ ಹೊತ್ತಿಸಿ ಅಳೆಯಬೇಡಿ. ತಾಮ್ರದ ಹಾಳೆ ತೆಳ್ಳಗಿರುವುದರಿಂದ ದೂರದ ತುದಿ ಮಂಕಾಗಿ ಲೆಕ್ಕ ತಪ್ಪುತ್ತದೆ. ಸಿಲಿಕೋನ್ ಸುರಿದ ವಾಟರ್‌ಪ್ರೂಫ್ ಪಟ್ಟಿಯನ್ನು ಅಂಗಡಿಯವರು ಒಳ್ಳೆಯದೆಂದು ಕೊಡಲು ಬರುತ್ತಾರೆ. ನಮ್ಮ ಕೆಲಸಕ್ಕೆ ಅದು ಬೇಡ. ಆ ಹೊದಿಕೆ ಶಾಖವನ್ನು ಒಳಗೇ ಹಿಡಿಯುತ್ತದೆ, ಕಾಲಕ್ರಮೇಣ ಹಳದಿಯಾಗುತ್ತದೆ. ಹಳದಿ ಪದರವೆಂದರೆ ನೀಲಿ ಬೆಳಕನ್ನು ನುಂಗುವ ಪದರ. ಬಣ್ಣ ಬದಲಾಯಿಸುವ ರಿಮೋಟ್ ಪಟ್ಟಿಯೂ ಬೇಡ, ಅದರಲ್ಲಿ ನೀಲಿ ಚಿಪ್ ಮೂರರಲ್ಲೊಂದು ಮಾತ್ರ.

ಕಾಲೇಜಿನಲ್ಲಿ ಅಳೆಯಬೇಕಾದದ್ದು ತರಂಗಾಂತರ. ಅಂಗಡಿಯವರಿಗೆ ನೀಲಿ ಎಂದರೆ ನೀಲಿ, ಅಷ್ಟೇ. ಅಲಂಕಾರದ ಪಟ್ಟಿಗಳು ಸಾಮಾನ್ಯವಾಗಿ 465ರಿಂದ 475 ನ್ಯಾನೋಮೀಟರಿನವು. ರಾಯಲ್ ಬ್ಲೂ ಎನ್ನುವ ಜಾತಿ 445ರಿಂದ 455. ಯಾವುದೆಂದು ತಿಳಿಯಲು ದುಬಾರಿ ಸ್ಪೆಕ್ಟ್ರೋಮೀಟರ್ ಬೇಕಿಲ್ಲ. ಬಿಎಸ್ಸಿ ಭೌತಶಾಸ್ತ್ರದ ಲ್ಯಾಬಿನಲ್ಲಿ ಪಾದರಸದ ದೀಪದ ಗೆರೆ ಅಳೆಯುವ ಗ್ರೇಟಿಂಗ್ ಸ್ಪೆಕ್ಟ್ರೋಮೀಟರ್ ಸಾಕು. ಇಂಚಿಗೆ 15000 ಗೆರೆಯ ಗ್ರೇಟಿಂಗ್‌ನಲ್ಲಿ ಮೊದಲ ಶ್ರೇಣಿಯ 450 ನ್ಯಾನೋಮೀಟರ್ 15.4 ಡಿಗ್ರಿಯಲ್ಲೂ, 470 ನ್ಯಾನೋಮೀಟರ್ 16.1 ಡಿಗ್ರಿಯಲ್ಲೂ ಕಾಣುತ್ತದೆ. ಪಾದರಸದ 436ರ ಗೆರೆ 14.9ರಲ್ಲಿ ಬರುತ್ತದೆ, ಅದನ್ನೇ ಗುರುತಾಗಿಟ್ಟುಕೊಳ್ಳಬಹುದು. ಎಲ್‌ಇಡಿಯದು ಗೆರೆಯಲ್ಲ, ಅಗಲವಾದ ಪಟ್ಟೆ. ಅದರ ಅತಿ ಹೊಳಪಿನ ನಡುಭಾಗವನ್ನು ಓದಿ.

ಈ 20 ನ್ಯಾನೋಮೀಟರ್‌ಗೆ ಇಷ್ಟು ಒದ್ದಾಟ ಯಾಕೆ ಎಂದರೆ, ವೇಗವರ್ಧಕ ಹೀರದ ಬೆಳಕು ವಯಲನ್ನು (ಕ್ರಿಯೆ ನಡೆಸುವ ಸಣ್ಣ ಗಾಜಿನ ಸೀಸೆಯನ್ನು) ಬಿಸಿ ಮಾಡಲಷ್ಟೇ ಬರುತ್ತದೆ. ರುಥೇನಿಯಂ ಸಂಕೀರ್ಣದ ಹೀರಿಕೆಯ ಶಿಖರ 452ರಲ್ಲಿದೆ, ಇಳಿಜಾರು ಅಗಲವಾಗಿದೆ, ಹಾಗಾಗಿ 470ರಲ್ಲೂ ಚೆನ್ನಾಗಿ ಹೀರುತ್ತದೆ. ಸಾವಯವ ವೇಗವರ್ಧಕ 4ಸಿಜೆಡ್‌ಐಪಿಎನ್‌ನ ಶಿಖರ 435ರ ಆಸುಪಾಸು. 470ರಲ್ಲಿ ಅದರ ಬಾಲ ಮಾತ್ರ ಸಿಗುತ್ತದೆ, ಕ್ರಿಯೆ ನಡೆದರೂ ನಿಧಾನ. ಟ್ರಿಸ್‌ಫೀನೈಲ್‌ಪಿರಿಡಿನ್ ಇರಿಡಿಯಂನ ಶಿಖರ 375ರಲ್ಲಿದೆ. ಹಬ್ಬದ ಪಟ್ಟಿಯೆದುರು ಅದನ್ನಿಟ್ಟು ಇಡೀ ರಾತ್ರಿ ಕಾಯುವುದು ದುಬಾರಿ ಲೋಹ ಮತ್ತು ಕರೆಂಟು ಎರಡರ ನಷ್ಟ. ಇರಿಡಿಯಂ ಕೆಲಸವೇ ಇದ್ದರೆ ಕೆಸಿಲ್ ಕಂಪನಿಯ ಪಿಆರ್160ಎಲ್ ಸರಣಿಯಂಥ ದೀಪಕ್ಕೆ ಹೋಗಿ. ಅದರಲ್ಲಿ 370, 390, 427, 440, 456, 467, 525 ನ್ಯಾನೋಮೀಟರಿನ ಬೇರೆ ಬೇರೆ ದೀಪಗಳಿವೆ, ಬೆಳಕು ಒಂದೇ ದಿಕ್ಕಿಗೆ ಗಟ್ಟಿಯಾಗಿ ಬೀಳುತ್ತದೆ. ಆಮದು ಬೆಲೆ ಜಿಲ್ಲಾ ಕೇಂದ್ರದ ಕಾಲೇಜಿಗೆ ಭಾರವೇ. ಆದರೂ ಇಲಾಖೆಗೊಂದು 427 ಇದ್ದರೆ ಇರಿಡಿಯಂ, 4ಸಿಜೆಡ್‌ಐಪಿಎನ್ ಎರಡೂ ನಡೆಯುತ್ತವೆ.

ಪಟ್ಟಿ ಪಾಸಾಯಿತು ಎಂದುಕೊಳ್ಳೋಣ. ಡಬ್ಬಿ ಪಾತ್ರೆ ಅಂಗಡಿಯದು: ಒಳವ್ಯಾಸ 15 ಸೆಂಟಿಮೀಟರ್, ಎತ್ತರ 12. ಕೊಳ್ಳುವಾಗ ಜೇಬಿನಲ್ಲಿ ಒಂದು ಅಯಸ್ಕಾಂತವಿರಲಿ. ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುವ ಸ್ಟೀಲಾದರೆ ಬೇಡ, ದ್ರಾವಣ ಕಲಕುವ ಮ್ಯಾಗ್ನೆಟಿಕ್ ಸ್ಟರರ್‌ನ ಹಿಡಿತವನ್ನು ಡಬ್ಬಿಯ ತಳವೇ ಕದ್ದುಬಿಡುತ್ತದೆ, ಕಡ್ಡಿ ತಿರುಗದೆ ನಡುಗುತ್ತ ನಿಲ್ಲುತ್ತದೆ. ಡಬ್ಬಿಯ ಒಳಸುತ್ತಳತೆ 47 ಸೆಂಟಿಮೀಟರ್. ಪಟ್ಟಿಯನ್ನು ಪ್ರತಿ 5 ಸೆಂಟಿಮೀಟರಿಗಿರುವ ಕತ್ತರಿ ಗುರುತಿನಲ್ಲೇ ಕತ್ತರಿಸಿ 95 ಸೆಂಟಿಮೀಟರಿನ ಐದು ತುಂಡು ಮಾಡಿ. ಒಂದೊಂದು ತುಂಡು ಎರಡು ಸುತ್ತು ಬರುತ್ತದೆ. ಪಟ್ಟಿಯ ಅಗಲ 1 ಸೆಂಟಿಮೀಟರ್, ಒಟ್ಟು ಹತ್ತು ಸುತ್ತು ಗೋಡೆಯ 10 ಸೆಂಟಿಮೀಟರನ್ನು ತುಂಬುತ್ತದೆ. ಐದನ್ನೂ ಸಮಾಂತರವಾಗಿ ಜೋಡಿಸಿ, 1 ಚದರ ಮಿಲಿಮೀಟರಿನ ತಾಮ್ರದ ತಂತಿಯಿಂದ ಒಂದೊಂದಕ್ಕೂ ಬೇರೆಯಾಗಿ ಕರೆಂಟು ಕೊಡಿ. ಪಟ್ಟಿಯ ಹಿಂದಿನ ಗೋಂದು ಶಾಖಕ್ಕೆ ಬಿಡುತ್ತದೆ, ಮೂರು ನಾಲ್ಕು ಕಡೆ ಸಿಲಿಕೋನ್ ಸೀಲೆಂಟಿನ ಚುಕ್ಕೆ ಇಡಿ. ಕತ್ತರಿಸಿದ ತುದಿಯ ತಾಮ್ರ ಸ್ಟೀಲಿಗೆ ತಾಗಿದರೆ ಶಾರ್ಟ್ ಆಗುತ್ತದೆ, ಅಲ್ಲಿ ಹೀಟ್‌ಶ್ರಿಂಕ್ ಕೊಳವೆ ತೊಡಿಸದೆ ಬಿಡಬೇಡಿ. ಒಟ್ಟು 5.7 ಆಂಪಿಯರ್, 68 ವ್ಯಾಟ್. ಇದಕ್ಕೆ 12 ವೋಲ್ಟ್ 10 ಆಂಪಿಯರಿನ ಎಸ್‌ಎಂಪಿಎಸ್ ಪವರ್ ಸಪ್ಲೈ ಹಾಕಿ. 6 ಆಂಪಿಯರಿನದು ಚೀಟಿಯ ಪ್ರಕಾರ ಸಾಕು, ಇಲ್ಲಿನ ಬೇಸಿಗೆಯಲ್ಲಿ ಸಾಲದು. ಮೂರು ಪಿನ್ನಿನ ಪ್ಲಗ್, ಡಬ್ಬಿಗೂ ಅರ್ಥಿಂಗ್.

ಫ್ಯಾನ್ ತಳದಲ್ಲಿಟ್ಟರೆ ಸ್ಟರರ್‌ಗೆ ಜಾಗವಿರುವುದಿಲ್ಲ. ಹಾಗಾಗಿ ಮುಚ್ಚಳದಲ್ಲಿ ರಂಧ್ರ ಕೊರೆದು ಕಂಪ್ಯೂಟರಿನ 80 ಮಿಲಿಮೀಟರ್, 12 ವೋಲ್ಟ್ ಫ್ಯಾನ್ ಕೂರಿಸಿ. ತಳದಂಚಿನಲ್ಲಿ ಪಟ್ಟಿ ಮುಗಿದ ಜಾಗದಲ್ಲಿ ಎಂಟು ಹತ್ತು ತೂತು ಹೊಡೆಯಿರಿ. ಗಾಳಿ ಮೇಲಿನಿಂದ ಕೆಳಗೆ ಹರಿದು ವಯಲುಗಳನ್ನೂ ಪಟ್ಟಿಯನ್ನೂ ಒಟ್ಟಿಗೆ ತಂಪು ಮಾಡುತ್ತದೆ. ಫ್ಯಾನಿನ ಬಾಯಿಗೆ ತೆಳು ಜಾಲರಿ ಕಟ್ಟಿ, ವಾರಕ್ಕೊಮ್ಮೆ ಧೂಳು ತೆಗೆಯಿರಿ. ಚಿತ್ರದುರ್ಗದ ಗಾಳಿಗೆ ಇದು ಇನ್ನೂ ಅಗತ್ಯ. 8 ಮಿಲಿಲೀಟರಿನ ಆರು ವಯಲುಗಳನ್ನು ನಡುವಿನಿಂದ 5 ಸೆಂಟಿಮೀಟರ್ ದೂರದ ವೃತ್ತದಲ್ಲಿ ನಿಲ್ಲಿಸುವ ಅಕ್ರಿಲಿಕ್ ಬಿಲ್ಲೆ ಮಾಡಿಸಿ. ನಟ್ಟನಡುವೆ ಏಳನೆಯದನ್ನು ಇಡುವ ಆಸೆ ಬೇಡ. ಅದಕ್ಕೆ ಬೀಳುವ ಬೆಳಕು ಬೇರೆ, ಅದರ ಫಲಿತಾಂಶವನ್ನು ಉಳಿದ ಆರರ ಜೊತೆ ಹೋಲಿಸಲಾಗದು. ವಯಲು ಮಾಮೂಲಿ ಬೊರೊಸಿಲಿಕೇಟ್ ಗಾಜಿನದಾದರೆ ಸಾಕು, ಗೋಚರ ಬೆಳಕಿಗೆ ಕ್ವಾರ್ಟ್ಜ್ ಬೇಕಿಲ್ಲ.

ನೀಲಿ ಬೆಳಕನ್ನು ಬರಿಗಣ್ಣಿನಲ್ಲಿ ನೋಡಬೇಡಿ, ಅಕ್ಷಿಪಟಲಕ್ಕೆ ಹಾನಿ. ಸೈನ್‌ಬೋರ್ಡ್ ಮಾಡುವವರ ಬಳಿ ಸಿಗುವ ಕಡು ಕಿತ್ತಳೆ ಅಕ್ರಿಲಿಕ್ ಹಾಳೆಯನ್ನು ಡಬ್ಬಿಯ ಸುತ್ತ ಪರದೆಯಾಗಿ ನಿಲ್ಲಿಸಿ, ಕಿತ್ತಳೆ ಕನ್ನಡಕವನ್ನೂ ಧರಿಸಿ.

ಈ ಡಬ್ಬಿಯ ದೊಡ್ಡ ಶತ್ರು ಶಾಖ. ದಾವಣಗೆರೆಯ ಏಪ್ರಿಲ್‌ನಲ್ಲಿ ಕೋಣೆಯೇ 38 ಡಿಗ್ರಿ ಮುಟ್ಟುತ್ತದೆ. ಡೈಕ್ಲೋರೋಮೀಥೇನ್ ಕುದಿಯುವುದು 40 ಡಿಗ್ರಿಗೆ. ಸಂಶೋಧನಾ ಪ್ರಬಂಧದಲ್ಲಿ ಕೋಣೆಯ ಉಷ್ಣಾಂಶ ಎಂದಿರುವುದು ಅದನ್ನು ಬರೆದವರ ಊರಿನ 20–25 ಡಿಗ್ರಿ. ನಮ್ಮಲ್ಲಿ ಅದೇ ದ್ರಾವಕ ದೀಪ ಹಚ್ಚುವ ಮುಂಚೆಯೇ ಕುದಿಯುವ ಹೊಸ್ತಿಲಿನಲ್ಲಿರುತ್ತದೆ. ಮಾರ್ಚ್‌ನಿಂದ ಮೇವರೆಗೆ ಅಸಿಟೋನೈಟ್ರೈಲ್, ಡಿಎಂಎಫ್ (ಡೈಮೀಥೈಲ್‌ಫಾರ್ಮಮೈಡ್), ಮೆಥನಾಲ್‌ನಲ್ಲಿ ನಡೆಯುವ ಕ್ರಿಯೆಗಳನ್ನು ಆರಿಸಿಕೊಳ್ಳುವುದು ಬುದ್ಧಿವಂತಿಕೆ. ಒಂದು ವಯಲಿನಲ್ಲಿ ಬರೀ ದ್ರಾವಕ ಹಾಕಿ ಥರ್ಮಾಮೀಟರ್ ಇಳಿಬಿಟ್ಟು ಒಂದು ಗಂಟೆ ಓಡಿಸಿ. ಕೋಣೆಗಿಂತ 8 ಡಿಗ್ರಿ ಮೇಲೆ ಹೋದರೆ ಗಾಳಿ ಸಾಲುತ್ತಿಲ್ಲ, ಇನ್ನೊಂದು ಫ್ಯಾನ್ ಬೇಕು. ನೀವು ಬರೆದುಕೊಳ್ಳಬೇಕಾದ ಉಷ್ಣಾಂಶ ಈ ವಯಲಿನದು, ಗೋಡೆಯ ಥರ್ಮಾಮೀಟರಿನದಲ್ಲ.

ಕತ್ತಲೆಯ ಹೋಲಿಕೆಯಲ್ಲೂ ಇದೇ ಮರೆತುಹೋಗುತ್ತದೆ. ಅಲ್ಯೂಮಿನಿಯಂ ಫಾಯಿಲ್ ಸುತ್ತಿದ ವಯಲನ್ನು ಬೆಂಚಿನ ಮೇಲಿಟ್ಟು ಕತ್ತಲೆಯಲ್ಲಿ ಏನೂ ಆಗಲಿಲ್ಲ ಎಂದರೆ ಅದು ಪುರಾವೆಯಲ್ಲ. ಫಾಯಿಲ್ ಸುತ್ತಿದ ವಯಲು ಅದೇ ಡಬ್ಬಿಯಲ್ಲಿ, ಅದೇ ಶಾಖದಲ್ಲಿ ಇರಬೇಕು. ಜೊತೆಗೆ ವೇಗವರ್ಧಕವಿಲ್ಲದ ಒಂದು ವಯಲು. ಆರರಲ್ಲಿ ಎರಡು ಜಾಗ ಇವಕ್ಕೇ ಮೀಸಲು ಎಂದು ಮೊದಲೇ ಬಿಟ್ಟುಕೊಡಿ.

ಡಬ್ಬಿ ನಿಜಕ್ಕೂ ಎಷ್ಟು ಬೆಳಕು ಕೊಡುತ್ತಿದೆ ಎಂದು ತಿಳಿಯಲು ಪೊಟ್ಯಾಸಿಯಂ ಫೆರಿಆಕ್ಸಲೇಟ್‌ಗಿಂತ ಒಳ್ಳೆಯ ದಾರಿಯಿಲ್ಲ. ಫೆರಿಕ್ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಆಕ್ಸಲೇಟ್‌ನಿಂದ ಕಾಲೇಜಿನಲ್ಲೇ ತಯಾರಾಗುವ ಹಸಿರು ಹರಳು ಅದು; ಬೆಳಕು ಬಿದ್ದಷ್ಟೂ ಅದರ ಫೆರಿಕ್ ಕಬ್ಬಿಣ ಫೆರಸ್ ಆಗುತ್ತದೆ, ಆ ಫೆರಸ್ಸನ್ನು ಅಳೆದರೆ ಬೆಳಕಿನ ಲೆಕ್ಕ ಸಿಗುತ್ತದೆ. ಕೆಂಪು ಬಲ್ಬಿನ ಬೆಳಕಿನಲ್ಲಿ 0.737 ಗ್ರಾಂ ತೂಗಿ, 0.05 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ 10 ಮಿಲಿಲೀಟರ್ ಮಾಡಿದರೆ 0.15 ಮೋಲಾರ್ ದ್ರಾವಣ. 3 ಮಿಲಿಲೀಟರನ್ನು ವಯಲಿಗೆ ಹಾಕಿ, ಕಲಕುತ್ತ 30 ಸೆಕೆಂಡು ಬೆಳಕಿಗೊಡ್ಡಿ. ಅದರಿಂದ 0.1 ಮಿಲಿಲೀಟರ್ ತೆಗೆದು ಫೆನಾಂತ್ರೊಲಿನ್ ಮತ್ತು ಅಸಿಟೇಟ್ ಬಫರ್ ಸೇರಿಸಿ 25 ಮಿಲಿಲೀಟರ್‌ಗೆ ತುಂಬಿಸಿ, ಬಣ್ಣ ಪೂರ್ತಿ ಬರಲು ಕತ್ತಲೆಯಲ್ಲಿ ಒಂದು ಗಂಟೆ ಬಿಟ್ಟು 510 ನ್ಯಾನೋಮೀಟರಿನಲ್ಲಿ ಬೆಳಕಿನ ಹೀರಿಕೆಯನ್ನು ಓದಿ. ಬೆಳಕು ಕಾಣದ ದ್ರಾವಣದ ಓದನ್ನು ಕಳೆಯಿರಿ. ಉಳಿದದ್ದು 0.50 ಬಂತು ಎನ್ನಿ. ಫೆರಸ್ ಸಂಕೀರ್ಣದ ಮೋಲಾರ್ ಹೀರಿಕೆ 11,100. ಲೆಕ್ಕ ಹಿಂದಕ್ಕೆ ಹೋದರೆ ಇಡೀ ವಯಲಿನಲ್ಲಿ 34 ಮೈಕ್ರೋಮೋಲ್ ಫೆರಸ್. ಈ ತರಂಗಾಂತರದಲ್ಲಿ ಕ್ವಾಂಟಂ ಇಳುವರಿ, ಅಂದರೆ ಹೀರಿದ ಒಂದು ಫೋಟಾನಿಗೆ ಹುಟ್ಟುವ ಉತ್ಪನ್ನ, 0.9ರ ಸುತ್ತಮುತ್ತ, ಆದ್ದರಿಂದ ಸೆಕೆಂಡಿಗೆ ಸುಮಾರು 1.25 ಮೈಕ್ರೋಮೋಲ್ ಫೋಟಾನ್. 470ರ ಬೆಳಕನ್ನು ಸಣ್ಣ ವಯಲಿನ ಫೆರಿಆಕ್ಸಲೇಟ್ ಪೂರ್ತಿ ಹೀರುವುದಿಲ್ಲ, ನಿಜವಾದ ಸಂಖ್ಯೆ ಇದಕ್ಕಿಂತ ತುಸು ಹೆಚ್ಚೇ ಇರುತ್ತದೆ.

ಈ ಒಂದು ಸಂಖ್ಯೆಯಿಂದ ಎಷ್ಟೋ ತಿಳಿಯುತ್ತದೆ. 0.2 ಮಿಲಿಮೋಲ್ ಕ್ರಿಯೆಯ ಕ್ವಾಂಟಂ ಇಳುವರಿ 0.1 ಆಗಿದ್ದರೆ ಅರ್ಧ ಗಂಟೆಯೊಳಗೆ ಬೇಕಾದ ಫೋಟಾನ್ ಸಿಕ್ಕಿರುತ್ತದೆ. 0.01 ಆಗಿದ್ದರೆ ನಾಲ್ಕೂವರೆ ಗಂಟೆ. 24 ಗಂಟೆಯಾದರೂ ಆಗಲಿಲ್ಲವೆಂದರೆ ದೂರಬೇಕಾದ್ದು ಬಹುಮಟ್ಟಿಗೆ ಪಟ್ಟಿಯನ್ನಲ್ಲ. ಆಮ್ಲಜನಕ ಒಳನುಗ್ಗಿದೆ, ವೇಗವರ್ಧಕ ಬಣ್ಣಗೆಟ್ಟಿದೆ, ಇಲ್ಲವೇ ಅದರ ರೆಡಾಕ್ಸ್ ಶಕ್ತಿ ನಿಮ್ಮ ವಸ್ತುವಿಗೆ ಸಾಲದು. ಉದ್ರೇಕಗೊಂಡ ರುಥೇನಿಯಂ ಸಂಕೀರ್ಣ ಎಲೆಕ್ಟ್ರಾನ್ ಕೊಡುವಾಗ −0.81 ವೋಲ್ಟ್, ಕಸಿಯುವಾಗ +0.77 ವೋಲ್ಟ್, ಎರಡೂ ಕ್ಯಾಲೊಮೆಲ್ ಎಲೆಕ್ಟ್ರೋಡಿಗೆ ಹೋಲಿಸಿ. ಸಾದಾ ಬ್ರೋಮೋಬೆಂಜೀನ್‌ನ ಅಪಕರ್ಷಣೆಗೆ ಇದರಿಂದ ಏನೂ ಆಗದು, ಎಷ್ಟು ವ್ಯಾಟ್ ಸುರಿದರೂ. ಬೆಳಕು ಹೆಚ್ಚಿದರೆ ಫೋಟಾನುಗಳ ಸಂಖ್ಯೆ ಹೆಚ್ಚುತ್ತದೆ, ಒಂದೊಂದು ಫೋಟಾನಿನ ಬಲ ಹೆಚ್ಚುವುದಿಲ್ಲ.

ಮೊದಲ ಪ್ರಯೋಗಕ್ಕೆ ನಮ್ಮ ಶಿಫಾರಸು ಹಸಿರು ಪಟ್ಟಿ ಮತ್ತು ಈಯೋಸಿನ್ ವೈ. ಲೋಹವಿಲ್ಲ, ಬಣ್ಣ ಅಗ್ಗ, 520–530 ನ್ಯಾನೋಮೀಟರಿನ ಹಸಿರು ಪಟ್ಟಿ ಅದೇ ಅಂಗಡಿಯಲ್ಲಿದೆ. ಎನ್-ಫೀನೈಲ್ ಟೆಟ್ರಾಹೈಡ್ರೋಐಸೊಕ್ವಿನೊಲಿನ್ 52 ಮಿಲಿಗ್ರಾಂ, ಅಂದರೆ 0.25 ಮಿಲಿಮೋಲ್, ಈಯೋಸಿನ್ ವೈ ಡೈಸೋಡಿಯಂ 3.5 ಮಿಲಿಗ್ರಾಂ, ಅಂದರೆ 2 ಮೋಲ್ ಶೇಕಡಾ; ನೈಟ್ರೋಮೀಥೇನ್ 1 ಮಿಲಿಲೀಟರ್. ಗಾಳಿಯ ಆಮ್ಲಜನಕವೇ ಆಕ್ಸಿಡೀಕಾರಕ, ನೈಟ್ರೋಜನ್ ಸಿಲಿಂಡರ್ ಬೇಕಿಲ್ಲ. ವಯಲಿನ ಬಾಯಿ ಸಡಿಲವಾಗಿ ಮುಚ್ಚಿದ್ದರೆ ಸಾಕು. ಟಿಎಲ್‌ಸಿಯಲ್ಲಿ (ತೆಳುಪದರ ಕ್ರೊಮ್ಯಾಟೊಗ್ರಫಿ) ಆರಂಭದ ಚುಕ್ಕೆ ಕರಗುತ್ತ ಹೊಸದು ಮೂಡುವುದನ್ನು ಗಂಟೆಗೊಮ್ಮೆ ನೋಡಬಹುದು. ನೈಟ್ರೋಮೀಥೇನ್ ಹೊತ್ತಿಕೊಳ್ಳುವ ದ್ರಾವಕ, ಬಲವಾದ ಕ್ಷಾರದ ಜೊತೆ ಸ್ಫೋಟಕ್ಕೂ ಎಡೆಮಾಡುತ್ತದೆ. ಫ್ಯೂಮ್ ಹುಡ್‌ನಲ್ಲೇ ಮಾಡಿ, ಕಿಡಿ ಹಾರುವ ಸ್ವಿಚ್ಚು ಹುಡ್‌ನ ಹೊರಗಿರಲಿ.

ಈಯೋಸಿನ್ ಕೊಳ್ಳುವಾಗ ವೈ ಎಂದಿದೆಯೋ ಬಿ ಎಂದಿದೆಯೋ ನೋಡಿ, ಎರಡೂ ಬೇರೆ ಬಣ್ಣ. ಪೆಥಾಲಜಿ ಲ್ಯಾಬಿನಿಂದ ಎರವಲು ತರುವುದಾದರೆ ಪುಡಿ ತನ್ನಿ. ಸ್ಲೈಡಿಗೆ ಬಳಸುವ ತಯಾರಿ ದ್ರಾವಣಕ್ಕೆ ಎಷ್ಟೋ ಸಲ ಅಸಿಟಿಕ್ ಆಮ್ಲ ಸೇರಿಸಿರುತ್ತಾರೆ. ಆಮ್ಲದಲ್ಲಿ ಈಯೋಸಿನ್ ಪ್ರೋಟಾನ್ ಹಿಡಿದು ಹಸಿರು ಬೆಳಕನ್ನು ಹೀರುವ ಶಕ್ತಿ ಕಳೆದುಕೊಳ್ಳುತ್ತದೆ, ಕ್ರಿಯೆ ಅಲ್ಲಿಗೇ ನಿಲ್ಲುತ್ತದೆ. ನಿಮ್ಮ ಕ್ರಿಯೆಯೇ ಆಮ್ಲವನ್ನು ಹೊರಹಾಕುವಂಥದ್ದಾದರೂ ಇದೇ ಗತಿ.

ಗಾಳಿ ಬೇಡದ ಕ್ರಿಯೆಗಳಲ್ಲಿ ಡಬ್ಬಿಗಿಂತ ಸೆಪ್ಟಮ್, ಅಂದರೆ ವಯಲಿನ ಬಾಯಿಯ ರಬ್ಬರ್ ಮುಚ್ಚಳ, ಮುಖ್ಯ. ರುಥೇನಿಯಂನ ಉದ್ರೇಕಿತ ಸ್ಥಿತಿ ಒಂದು ಮೈಕ್ರೋಸೆಕೆಂಡಿನಷ್ಟು ಬಾಳುತ್ತದೆ. ಅಷ್ಟು ಹೊತ್ತಿನಲ್ಲಿ ಕರಗಿದ ಆಮ್ಲಜನಕಕ್ಕೆ ಅದನ್ನು ಭೇಟಿಯಾಗಿ ಶಕ್ತಿ ಕಸಿಯಲು ಧಾರಾಳ ಸಮಯವಿದೆ. ಸಣ್ಣ ಪ್ರಮಾಣಕ್ಕೆ 15 ನಿಮಿಷ ನೈಟ್ರೋಜನ್ ಗುಳ್ಳೆ ಹಾಯಿಸಿದರೆ ಆಗುತ್ತದೆ. ಹಟ ಹಿಡಿದ ಕ್ರಿಯೆಗೆ ದ್ರಾವಣವನ್ನು ಹೆಪ್ಪುಗಟ್ಟಿಸಿ, ಪಂಪಿನಿಂದ ಗಾಳಿ ಎಳೆದು, ಕರಗಿಸುವ ಕ್ರಮವನ್ನು ಮೂರು ಸಲ ಮಾಡಿ. ಫ್ಯಾನಿನ ಗಾಳಿಯಲ್ಲಿ ದಿನವಿಡೀ ನಿಲ್ಲುವ ವಯಲಿಗೆ ಹಳೆಯ, ಹತ್ತು ಸಲ ಚುಚ್ಚಿದ ರಬ್ಬರ್ ಹಾಕಬೇಡಿ.

ಕರೆಂಟು ಹೋದರೆ ಕ್ರಿಯೆ ನಿಲ್ಲುತ್ತದೆಯೇ ಹೊರತು ಸಾಮಾನ್ಯವಾಗಿ ಕೆಡುವುದಿಲ್ಲ. ಎಷ್ಟು ಹೊತ್ತು ಬೆಳಕಿತ್ತು ಎಂಬುದನ್ನು ಬರೆದಿಡಿ. ಬೈಕಿನದೋ ಕಾರಿನದೋ 12 ವೋಲ್ಟ್ ಬ್ಯಾಟರಿಗೆ ನೇರವಾಗಿ ಜೋಡಿಸುವ ಉಪಾಯ ಮಾತ್ರ ಬೇಡವೇ ಬೇಡ. ಪಟ್ಟಿಯಲ್ಲಿ ಮೂರು ಎಲ್‌ಇಡಿ ಸಾಲಾಗಿದ್ದು ಸುಮಾರು 9.6 ವೋಲ್ಟ್ ತಿನ್ನುತ್ತವೆ, ಉಳಿದ 2.4 ವೋಲ್ಟ್ ರೆಸಿಸ್ಟರಿನ ಪಾಲು. ಚಾರ್ಜ್ ಆಗುತ್ತಿರುವ ಬ್ಯಾಟರಿ 13.8 ವೋಲ್ಟ್ ಕೊಟ್ಟರೆ ರೆಸಿಸ್ಟರಿನ ಮೇಲೆ 4.2 ವೋಲ್ಟ್ ಬಿದ್ದು, ಕರೆಂಟು ಒಂದೂವರೆ ಪಟ್ಟು ಮೀರಬಹುದು. ಬೆಳಕು ಜೋರಾಗಿ ಕಾಣುತ್ತದೆ, ಚಿಪ್ ಬೇಗ ಸಾಯುತ್ತದೆ, ಹಿಂದೆ ಅಳೆದ ಫೋಟಾನ್ ಲೆಕ್ಕವೂ ಸುಳ್ಳಾಗುತ್ತದೆ.

ಮದುವೆ ವೇದಿಕೆಗೆ ಬಾಡಿಗೆ ಸಿಗುವ ಎಲ್‌ಇಡಿ ಪಾರ್ ದೀಪವನ್ನು ಕೆಲವರು ಕೇಳುತ್ತಾರೆ. ಮೂರು ನಾಲ್ಕು ಬಣ್ಣ ಬೆರೆತಿರುವುದರಿಂದ ನೀಲಿ ಎಲ್‌ಇಡಿ ಕಡಿಮೆ, ಬೆಳಕು ದೂರಕ್ಕೆ ಹರಡುತ್ತದೆ. ಬೇಡ.

ಡಬ್ಬಿಯ ಮಿತಿ ತಿಳಿಯುವುದು ಪ್ರಮಾಣ ಹೆಚ್ಚಿಸಲು ಹೋದಾಗ. ರುಥೇನಿಯಂ ಸಂಕೀರ್ಣದ ಮೋಲಾರ್ ಹೀರಿಕೆ 452ರಲ್ಲಿ ಸುಮಾರು 14,600. 1 ಮಿಲಿಮೋಲಾರ್ ದ್ರಾವಣದ ಮೊದಲ 1 ಮಿಲಿಮೀಟರಿನಲ್ಲೇ ಆ ಬೆಳಕಿನ ಶೇ. 96ಕ್ಕಿಂತ ಹೆಚ್ಚು ಮುಗಿದುಹೋಗುತ್ತದೆ. 250 ಮಿಲಿಲೀಟರಿನ ಗುಂಡು ಫ್ಲಾಸ್ಕಿನಲ್ಲಿ ಹೊರಸಿಪ್ಪೆಯಷ್ಟೇ ಕೆಲಸ ಮಾಡುತ್ತದೆ, ಒಳಗೆಲ್ಲ ಕತ್ತಲೆ. ವಯಲಿನಲ್ಲಿ ನಾಲ್ಕು ಗಂಟೆಗೆ ಆದದ್ದು ಅಲ್ಲಿ ಎರಡು ದಿನಕ್ಕೂ ಆಗದಿರುವುದಕ್ಕೆ ಕಾರಣ ಇದೇ. ವೇಗವರ್ಧಕ ಹೆಚ್ಚು ಹಾಕಿದರೆ ಸಿಪ್ಪೆ ಇನ್ನೂ ತೆಳ್ಳಗಾಗುತ್ತದೆ ಅಷ್ಟೇ. ಗ್ರಾಂ ಲೆಕ್ಕದಲ್ಲಿ ಬೇಕಾದರೆ ಆರು ವಯಲುಗಳನ್ನು ಪದೇಪದೇ ಓಡಿಸಿ ಕೂಡಿಸಿ, ಇಲ್ಲವೇ ಒಳವ್ಯಾಸ 0.8 ಮಿಲಿಮೀಟರಿನ ಪಾರದರ್ಶಕ ಎಫ್‌ಇಪಿ ಪ್ಲಾಸ್ಟಿಕ್ ಕೊಳವೆಯನ್ನು ಗಾಜಿನ ಬೀಕರಿಗೆ ಸುತ್ತಿ ಅದೇ ಡಬ್ಬಿಯಲ್ಲಿಟ್ಟು ಸಿರಿಂಜ್ ಪಂಪಿನಿಂದ ದ್ರಾವಣ ಹರಿಸಿ. ಅವಕ್ಷೇಪ ಬೀಳುವ ಕ್ರಿಯೆಗೆ ಕೊಳವೆ ಬೇಡ, ಕಟ್ಟಿಕೊಳ್ಳುತ್ತದೆ.

ಕೊಳ್ಳುವ ಕಾಲದ ಬಗ್ಗೆ ಒಂದು ಮಾತು. ಗಣೇಶ ಹಬ್ಬ, ದೀಪಾವಳಿಗೆ ಮುಂಚೆ ಅಂಗಡಿಗಳಲ್ಲಿ ಹೊಸ ಮಾಲು ಬಂದಿರುತ್ತದೆ, ಆರಿಸಲು ಅವಕಾಶ ಹೆಚ್ಚು. ಅಳೆದು ಪಾಸಾದ ಪಟ್ಟಿ ಸಿಕ್ಕರೆ ಅದೇ ಪೆಟ್ಟಿಗೆಯಿಂದ ಇನ್ನೊಂದು ಸುರುಳಿಯನ್ನೂ ಅಂದೇ ತೆಗೆದುಕೊಳ್ಳಿ. ಮುಂದಿನ ಸರಕಿನ ನೀಲಿ ಐದು ಹತ್ತು ನ್ಯಾನೋಮೀಟರ್ ಸರಿದಿದ್ದರೆ, ಪ್ರಾಜೆಕ್ಟಿನ ನಡುವೆ ಪಟ್ಟಿ ಬದಲಿಸಿದ ದಿನದಿಂದ ಹಿಂದಿನ ಇಳುವರಿಗೂ ಮುಂದಿನ ಇಳುವರಿಗೂ ತಾಳೆಯಾಗುವುದಿಲ್ಲ. ಪಟ್ಟಿ ಬದಲಿಸಿದಾಗಲೆಲ್ಲ ಫೆರಿಆಕ್ಸಲೇಟ್ ಪರೀಕ್ಷೆ ಮತ್ತೆ ಮಾಡಿ, ಬಂದ ಸಂಖ್ಯೆಯನ್ನು ದಿನಾಂಕದ ಜೊತೆ ಡಬ್ಬಿಯ ಹೊರಮೈಗೇ ಅಂಟಿಸಿ.